ಆಲ್ ಸೀಸನ್ ಟೈರು ಮತ್ತು ಮನಾಲಿಯ ಹಿಮ

ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಸಾಮಾನ್ಯ ಟೈರಿನ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳತೊಡಗುವುದು ಸುಮಾರು 7 ಡಿಗ್ರಿಯಿಂದ ಕೆಳಗೆ. ನಮ್ಮೂರಿನ ರಸ್ತೆಗಳಲ್ಲಷ್ಟೇ ಓಡಿದ ಟೈರಿಗೆ ಚಳಿಯೆಂದರೇನೆಂದೇ ಗೊತ್ತಿಲ್ಲ ಎಂದಾಯಿತು.

ಜನವರಿಯಲ್ಲಿ ಸ್ವಂತ ಕಾರಿನಲ್ಲೇ ಮನಾಲಿಗೆ ಹೋಗಿ, ಅಟಲ್ ಸುರಂಗ ದಾಟಿ ಸಿಸ್ಸು ಎಂಬ ಊರಿನವರೆಗೆ ಮುಟ್ಟಿ ಬರಬೇಕೆಂದು ಭಾವ ಹಟ ಹಿಡಿದಿದ್ದರಿಂದ ಸವೆದ ಟೈರುಗಳನ್ನು ಬದಲಿಸಲು ಜೆ.ಸಿ. ರಸ್ತೆಗೆ ಹೋದೆವು. ಅಂಗಡಿಯವರು ಟೈರಿನ ಪಕ್ಕದಲ್ಲಿದ್ದ ‘ಎಂ ಪ್ಲಸ್ ಎಸ್’ ಅಕ್ಷರಗಳನ್ನು ತೋರಿಸಿ, “ಆಲ್ ಸೀಸನ್ ಸಾರ್, ಹಿಮಕ್ಕೂ ಆಗುತ್ತೆ” ಎಂದರು. ಕೆಸರು ಮತ್ತು ಹಿಮ ಎಂಬರ್ಥದ ಆ ಅಕ್ಷರಗಳು ಟೈರಿನ ಬಟನ್‌ಗಳ ನಡುವಿನ ತೋಡುಗಳ ವಿನ್ಯಾಸವನ್ನು ಸೂಚಿಸುತ್ತವೆಯೇ ಹೊರತು, ಟೈರನ್ನು ಹಿಮದ ಮೇಲೆ ಓಡಿಸಿ ನೋಡಲಾಗಿದೆ ಎಂದು ಹೇಳುವುದಿಲ್ಲ. ನೋಡಬೇಕಾದದ್ದು ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಗುರುತನ್ನು. 1999ರಲ್ಲಿ ಉತ್ತರ ಅಮೆರಿಕದಲ್ಲಿ ಬಳಕೆಗೆ ಬಂದ ಈ ಗುರುತನ್ನು ಪಡೆಯಲು, ಗಟ್ಟಿಯಾಗಿ ಒತ್ತಿದ ಹಿಮದ ಮೇಲೆ ಟೈರು ಹೋಲಿಕೆಗೆಂದೇ ಇಟ್ಟ ಮಾದರಿ ಟೈರಿಗಿಂತ ಶೇ. 10ರಷ್ಟಾದರೂ ಹೆಚ್ಚು ಎಳೆತ ತೋರಬೇಕು. ಆದರೆ ಅಲ್ಲಿನ ಆ ಪರೀಕ್ಷೆ ಮುಂದಕ್ಕೆ ಎಳೆಯುವ ಬಲವನ್ನಷ್ಟೇ ಅಳೆಯುತ್ತದೆ. ಬ್ರೇಕೂ ಇಲ್ಲ, ಮಂಜುಗಡ್ಡೆಯೂ ಇಲ್ಲ.

ಹಿಮ ಬೇರೆ, ಮಂಜುಗಡ್ಡೆ ಬೇರೆ. ಹಿಮ ತೋಡುಗಳೊಳಗೆ ತುಂಬಿಕೊಂಡು ಕೆಳಗಿನ ಹಿಮವನ್ನೇ ಕಚ್ಚುತ್ತದೆ. ಮಂಜುಗಡ್ಡೆಯಲ್ಲಿ ಕಚ್ಚಲು ಏನೂ ಇರುವುದಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಂತೂ ಮೇಲೆ ನೀರಿನ ತೆಳು ಪದರ ನಿಂತು ಜಾರಿಕೆ ಇನ್ನಷ್ಟು ಹೆಚ್ಚುತ್ತದೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಯಾದರೆ ಚಿಂತೆಯಿಲ್ಲ ಎಂಬುದು ಭಾವನ ವಾದವಾಗಿತ್ತು. ಅದು ಗಾಡಿಯನ್ನು ಹೊರಡಿಸಲು ನೆರವಾಗುತ್ತದೆ, ನಿಲ್ಲಿಸಲು ಅಲ್ಲ. (ಇದನ್ನು ಒಪ್ಪಿಸಲು ನನಗೆ ಎರಡು ಸಂಜೆ ಹಿಡಿಯಿತು.)

ಬೆಟ್ಟದ ಗುರುತಿನ ಟೈರು ನಮ್ಮ ಕಾರಿನ ಅಳತೆಯಲ್ಲಿ ಸಿಗಲಿಲ್ಲ. ‘ಎಂ ಪ್ಲಸ್ ಎಸ್’ ಟೈರುಗಳನ್ನೇ ಕೊಂಡೆವು, ಆದರೆ ನಾಲ್ಕನ್ನೂ ಒಟ್ಟಿಗೆ. ಮುಂದಿನೆರಡನ್ನು ಮಾತ್ರ ಹೊಸದು ಮಾಡಿದರೆ ತಿರುವಿನಲ್ಲಿ ಹಿಂಬದಿ ಜಾರಿ ಗಾಡಿ ಗಿರಕಿ ಹೊಡೆಯುವ ಅಪಾಯವಿದೆ. ಜೊತೆಗೆ ಮುಂದಿನ ಚಕ್ರಗಳಿಗೆ ಹಿಮದಲ್ಲಿ ಹಿಡಿತಕ್ಕೆಂದು ಟೈರಿಗೆ ಸುತ್ತುವ ಚೈನನ್ನೂ ತರಿಸಿದೆವು, ಏಕೆಂದರೆ ನಮ್ಮ ಗಾಡಿಯನ್ನು ಎಳೆಯುವುದು ಅವೇ. ಕಳೆದ ಭಾನುವಾರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಅದನ್ನು ತೊಡಿಸಿ ನೋಡಿದಾಗ ಮೊದಲ ಚಕ್ರಕ್ಕೇ 40 ನಿಮಿಷ ಬೇಕಾಯಿತು. ಎರಡನೆಯದಕ್ಕೆ ವಾಚ್‌ಮನ್ ಟಾರ್ಚ್ ಹಿಡಿದುಕೊಂಡು ಕುಳಿತರು.