ಉಕ್ಕಿನ ಊರಿನಲ್ಲಿ ಆಸ್ಪತ್ರೆಗಳ ಕಾಲ

ಅಮೆರಿಕದ ಉಕ್ಕಿನ ಊರು ಪಿಟ್ಸ್‌ಬರ್ಗ್‌ನ ಅತಿ ಎತ್ತರದ ಕಟ್ಟಡ ಯು.ಎಸ್. ಸ್ಟೀಲ್ ಟವರ್. 64 ಮಹಡಿ. ಆದರೆ ಅದರ ನೆತ್ತಿಯ ಮೇಲೆ ಇರುವುದು ಯುಪಿಎಂಸಿ ಅನ್ನುವ ಆಸ್ಪತ್ರೆ ಸಮೂಹದ ಹೆಸರು. ಇದು ಹೇಗಾಯ್ತು ಅಂತ ನೋಡೋಣವೆಂದು ಬಸ್ ಹತ್ತಿ ಹೋಮ್‌ಸ್ಟೆಡ್‌ಗೆ ಹೋದೆ.

ಮೊನೊಂಗಹೇಲಾ ನದಿ ದಂಡೆಯ ಇಲ್ಲಿ ಒಂದು ಕಾಲಕ್ಕೆ ಭಾರೀ ಉಕ್ಕಿನ ಕಾರ್ಖಾನೆ ಇತ್ತು. 1892ರ ಮುಷ್ಕರದಲ್ಲಿ ರಕ್ತ ಹರಿದದ್ದು ಇಲ್ಲೇ. 1986ರಲ್ಲಿ ಬೀಗ ಬಿತ್ತು. ಈಗ ಅದೇ ನೆಲದಲ್ಲಿ ಅಂಗಡಿ, ಹೋಟೆಲ್, ಸಿನಿಮಾ. ಹಳೆಯ 12 ಚಿಮಣಿಗಳನ್ನು ಮಾತ್ರ ಉಳಿಸಿದ್ದಾರೆ.

ಉಕ್ಕು ತಯಾರಿಕೆಯೆಲ್ಲ ಹೊರದೇಶಕ್ಕೆ ಹೋಯಿತು, ಅದಕ್ಕೇ ಹೀಗಾಯ್ತು ಅನ್ನುತ್ತಾರೆ. ಅರ್ಧ ನಿಜ. ಹತ್ತಿರದ ಬ್ರಾಡಕ್‌ನಲ್ಲಿ 1875ರ ಎಡ್ಗರ್ ಥಾಮ್ಸನ್ ಕಾರ್ಖಾನೆ ಇನ್ನೂ ನಡೆಯುತ್ತಿದೆ. ಜನ ಮಾತ್ರ ಕಡಿಮೆ. 1980ರ ಸುಮಾರಿಗೆ ಅಮೆರಿಕದಲ್ಲಿ ಒಂದು ಟನ್ ಉಕ್ಕಿಗೆ ಸುಮಾರು 10 ಗಂಟೆ ದುಡಿಮೆ ಬೇಕಿತ್ತು. ಈಗ 2 ಗಂಟೆಯೂ ಬೇಡ. ಉದ್ಯೋಗ ಎಣಿಸುವ ಲೆಕ್ಕದ ಇನ್ನೊಂದು ತಮಾಷೆಯೂ ಇದೆ. ಕಾರ್ಖಾನೆಯೇ ಸಂಬಳ ಕೊಟ್ಟರೆ ಕಸ ಗುಡಿಸುವವರೂ ಕೈಗಾರಿಕೆಯ ಲೆಕ್ಕಕ್ಕೆ. ಅದೇ ಕೆಲಸ ಕಂಟ್ರಾಕ್ಟ್ ಕಂಪನಿಗೆ ಹೋದರೆ ಸೇವಾ ವಲಯದ ಲೆಕ್ಕಕ್ಕೆ. ಪೊರಕೆ ಅದೇ!

ಮಧ್ಯಾಹ್ನ ಆಸ್ಪತ್ರೆ, ವಿಶ್ವವಿದ್ಯಾಲಯಗಳಿರುವ ಓಕ್‌ಲ್ಯಾಂಡ್ ಬಡಾವಣೆಗೆ ಬಂದೆ. ರಸ್ತೆ ತುಂಬ ವಿದ್ಯಾರ್ಥಿಗಳು, ನರ್ಸ್‌ಗಳು. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಲು ಹಿಂದೆ ಎಷ್ಟು ಹೊತ್ತು ಬೇಕಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ ಬೇಕು. ಆದರೆ ಬೇರೆ ಕಡೆ ಸಂಬಳ ಏರಿದರೆ ಇಲ್ಲೂ ಏರಿಸಬೇಕು, ಇಲ್ಲದಿದ್ದರೆ ಕೆಲಸಕ್ಕೆ ಯಾರು ಬರುತ್ತಾರೆ? ಹಾಗಾಗಿ ಇಂಥ ಸೇವೆಗಳು ದುಬಾರಿಯಾಗುತ್ತಲೇ ಹೋಗುತ್ತವೆ. ಅರ್ಥಶಾಸ್ತ್ರಜ್ಞ ವಿಲಿಯಂ ಬೌಮಲ್ 1960ರ ದಶಕದಲ್ಲೇ ಇದನ್ನು ಹೇಳಿದ್ದರು.

ದುಬಾರಿಯಾದರೂ ಜನ ಬಿಡುವುದಿಲ್ಲ. ಕೈಯಲ್ಲಿ ಜಾಸ್ತಿ ದುಡ್ಡು ಬಂತೆಂದು ಯಾರೂ ಮೂರನೇ ಫ್ರಿಜ್ ಕೊಳ್ಳುವುದಿಲ್ಲ. ಮೊಣಕಾಲಿನ ಆಪರೇಷನ್, ಮಕ್ಕಳ ಕಾಲೇಜು ಬೇಕೇ ಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋದರೆ ಮಗು ನೋಡಿಕೊಳ್ಳಲೂ ಸಂಬಳದವರೇ ಆಗಬೇಕು.

ಪಿಟ್ಸ್‌ಬರ್ಗ್‌ನಲ್ಲಿ ಇದಕ್ಕೆ ಇನ್ನೊಂದು ಸೇರಿತು. ಕಾರ್ಖಾನೆಗಳು ಮುಚ್ಚಿದಾಗ ಎಳೆಯರು ಊರು ಬಿಟ್ಟರು, ವಯಸ್ಸಾದವರು ಉಳಿದರು. ಕಾರ್ಮಿಕ ಸಂಘ ಹೋರಾಡಿ ಗಳಿಸಿದ ಆರೋಗ್ಯ ವಿಮೆ, 1965ರಲ್ಲಿ ಬಂದ ಮೆಡಿಕೇರ್ ಅನ್ನುವ, ವಯಸ್ಸಾದವರಿಗಾಗಿನ ಸರ್ಕಾರಿ ಆರೋಗ್ಯ ವಿಮೆ ಅವರ ಬೆನ್ನಿಗಿದ್ದವು. ಆಸ್ಪತ್ರೆಗಳಿಗೆ ರೋಗಿಗಳೂ ಸಿಕ್ಕರು, ಹಣವೂ ಸಿಕ್ಕಿತು.

ಸಂಜೆ ಬೇಕರಿ ಸ್ಕ್ವೇರ್‌ಗೂ ಹೋಗಿದ್ದೆ. ಹಳೆಯ ಬಿಸ್ಕತ್ ಕಾರ್ಖಾನೆಯಲ್ಲಿ ಈಗ ಗೂಗಲ್ ಕಚೇರಿ. ಫೋಟೊಗೆ ಚೆಂದ. ಊರಿನವರು ರೋಬೋಟ್, ಸಾಫ್ಟ್‌ವೇರ್ ಬಗ್ಗೆಯೇ ಹೆಮ್ಮೆ ಪಡುತ್ತಾರೆ. ಆದರೆ ಇಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಮನೆಗಳು ನಡೆಯುವುದು ಆಸ್ಪತ್ರೆಯ ಸಂಬಳದಲ್ಲಿ.