ತೆಳ್ಳಗೆ ಹುಟ್ಟಿದ್ದು, ಸವೆದು ತೆಳ್ಳಗಾದದ್ದು

ನನ್ನ ಕೆಲಸ ರಕ್ತ, ಮೂತ್ರ ಪರೀಕ್ಷೆಯ ಲ್ಯಾಬ್‌ನಲ್ಲಿ. ಕಲಬುರಗಿಯಲ್ಲೇ ಹತ್ತೊಂಬತ್ತು ವರ್ಷ ಆಯ್ತು. ದಿನಕ್ಕೆ ಎಷ್ಟು ಗಾಜಿನ ಸ್ಲೈಡ್ ಮುಟ್ಟುತ್ತೇನೋ ಲೆಕ್ಕವಿಲ್ಲ. ಸ್ಲೈಡ್ ಅಂದರೆ ಸುಮಾರು 1 ಮಿಲಿಮೀಟರ್ ದಪ್ಪ. ಅದರ ಮೇಲೆ ಮುಚ್ಚುವ ಕವರ್ ಸ್ಲಿಪ್ 0.17 ಮಿಲಿಮೀಟರ್ ಆಸುಪಾಸು. ಈ ಎರಡು ದಪ್ಪ ನನ್ನ ಬೆರಳಿಗೆ ಕಣ್ಣು ಮುಚ್ಚಿದರೂ ಗೊತ್ತು.

ಎರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ಒಂದು ನಾಣ್ಯ ಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲಿ ಒಬ್ಬರು ಒಂದು ಬೆಳ್ಳಿ ನಾಣ್ಯವನ್ನು ನನ್ನ ಅಂಗೈ ಮೇಲೆ ಇಟ್ಟರು. ಇಟ್ಟಿದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ. ಅಂಚು ಮುಟ್ಟಿದೆ. ಬೆರಳು ತಾನಾಗೇ ಹೇಳಿತು, ಇದು ಕವರ್ ಸ್ಲಿಪ್ ಅಂತ.

ಅದು ಜರ್ಮನಿಯ ಕಡೆಯ ಬ್ರ್ಯಾಕ್ಟಿಯೇಟ್. 12, 13ನೇ ಶತಮಾನದಲ್ಲಿ ಅಲ್ಲಿ ಇಂಥವು ತುಂಬಾ ಚಲಾವಣೆಯಲ್ಲಿದ್ದವು. ಲ್ಯಾಟಿನ್‌ನಲ್ಲಿ ಬ್ರ್ಯಾಕ್ಟಿಯ ಅಂದರೆ ತೆಳು ತಗಡು, ಹೆಸರು ಬಂದಿದ್ದು ಅದರಿಂದ. ನಾನು ಅದನ್ನು ನನ್ನ ಮಟ್ಟಿಗೆ ಬೇಗಡೆ ನಾಣ್ಯ ಅಂತ ಕರೆಯುತ್ತೇನೆ. ದೇವರ ಅಲಂಕಾರಕ್ಕೆ ಬಳಸುವ ಬೇಗಡೆ ನೋಡಿದವರಿಗೆ ಬೇರೆ ವಿವರಣೆ ಬೇಕಾಗಿಲ್ಲ ಅಲ್ವಾ?

ಆ ನಾಣ್ಯ ತಗೊಂಡು ಬಂದೆ. ಮನೆಗೆ ಬಂದು ಮಾಡಿದ ಮೊದಲ ಕೆಲಸ ದಪ್ಪ ಅಳೆಯೋದು. ಕ್ಯಾಲಿಪರ್ ಹಿಡಿದರೆ ಸುಳ್ಳು ಲೆಕ್ಕ ಬರುತ್ತದೆ. ಯಾಕಂದರೆ ಅದು ತಗಡಿನ ದಪ್ಪ ತೋರಿಸುವುದಿಲ್ಲ, ಉಬ್ಬಿದ ಚಿತ್ರದ ಎತ್ತರ ತೋರಿಸುತ್ತದೆ. ಹಾಗಾಗಿ ತೂಕದಿಂದ ಲೆಕ್ಕ ಹಾಕಬೇಕು. ಅಡ್ಡಳತೆ 22 ಮಿ.ಮೀ., ತೂಕ 0.70 ಗ್ರಾಂ. ಬೆಳ್ಳಿ ಒಂದು ಘನ ಸೆಂಟಿಮೀಟರಿಗೆ ಸುಮಾರು 10.5 ಗ್ರಾಂ ತೂಗುತ್ತದೆ. ಭಾಗಿಸಿ ನೋಡಿದರೆ ದಪ್ಪ 0.175 ಮಿ.ಮೀ. ಬೆರಳು ಹೇಳಿದ್ದು ಸರಿಯಾಗಿತ್ತು.

ಈ ನಾಣ್ಯಕ್ಕೆ ಒಂದೇ ಅಚ್ಚು. ಮಾಮೂಲಿ ನಾಣ್ಯಕ್ಕೆ ಮೇಲೊಂದು, ಕೆಳಗೊಂದು, ಎರಡು ಅಚ್ಚು ಇರುತ್ತವೆ. ನಡುವೆ ಬಿಲ್ಲೆ ಇಟ್ಟು ಹೊಡೆಯುತ್ತಾರೆ. ಬಿಲ್ಲೆ ಅಂದರೆ ಇನ್ನೂ ಚಿತ್ರ ಮೂಡದ ಖಾಲಿ ಚಕ್ಕೆ. ಸಂಗ್ರಹಕಾರರು ಬ್ಲಾಂಕ್, ಪ್ಲಾಂಚೆಟ್, ಫ್ಲಾನ್ ಅಂತೆಲ್ಲ ಅನ್ನುವುದು ಇದಕ್ಕೇ. ಬೇಗಡೆ ನಾಣ್ಯಕ್ಕೆ ಎರಡು ಅಚ್ಚು ಹಾಕಿದರೆ ಎರಡು ಚಿತ್ರಕ್ಕೆ ಬೇಕಾದಷ್ಟು ಲೋಹವೇ ಅದರಲ್ಲಿಲ್ಲ. ಒಂದರ ಚಿತ್ರ ಇನ್ನೊಂದನ್ನು ತುಳಿದು ಹಾಕುತ್ತದೆ. ಅದಕ್ಕೆ ಒಂದು ಕಡೆ ಅಚ್ಚು, ಇನ್ನೊಂದು ಕಡೆ ಚರ್ಮವೋ ಸೀಸವೋ, ಏನಾದರೂ ಮೆತ್ತನೆಯದು. ಮುಂದೆ ಉಬ್ಬಿದ್ದೆಲ್ಲ ಹಿಂದೆ ತಗ್ಗು.

ಇದನ್ನು ಓದಿ ತಿಳಿಯುವ ಮೊದಲೇ ನಾನು ನೋಡಿದ್ದೆ. ನಮ್ಮ ಅಜ್ಜ ಅಕ್ಕಸಾಲಿಗರು. ಸರಾಫ್ ಬಜಾರದ ಹತ್ತಿರ ಒಂದು ಸಣ್ಣ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ದೇವರ ಮುಖವಾಡ, ತಾಳಿಯ ಬಿಲ್ಲೆ ಮಾಡುವಾಗ ಬೆಳ್ಳಿ ತಗಡನ್ನು ಅರಗಿನ ಮೇಲೆ ಕೂರಿಸಿ, ಮೇಲಿಂದ ಸಣ್ಣ ಉಳಿಯಲ್ಲಿ ತಟ್ಟುತ್ತಿದ್ದರು. ಅರಗು ಬಗ್ಗುತ್ತದೆ, ತಗಡೂ ಅದರ ಜೊತೆ ಬಗ್ಗುತ್ತದೆ, ಹರಿಯುವುದಿಲ್ಲ. ಕೆಲಸ ಮುಗಿದ ಮೇಲೆ ಅರಗು ಬಿಡಿಸಿ, ತಗಡನ್ನು ತಿರುವಿ ಹಿಂಬದಿಯನ್ನೇ ಬಹಳ ಹೊತ್ತು ನೋಡುತ್ತಿದ್ದರು. ಯಾಕೆ ಅಂತ ಕೇಳಿದರೆ, "ತಂಗಿ, ತಗಡಿಂದು ಖರೆ ಮಾರಿ ಹಿಂದಿರ್ತದ. ಎಲ್ಲಿ ಪೆಟ್ಟು ಜಾಸ್ತಿ ಬಿದ್ದದ, ಎಲ್ಲಿ ಹರೀಲಕತ್ತದ, ಹಿಂದ ನೋಡಿದ್ರನೇ ತಿಳೀತದ" ಅನ್ನುತ್ತಿದ್ದರು.

ಬೇಗಡೆ ನಾಣ್ಯವನ್ನೂ ನಾನು ಹಾಗೇ ನೋಡುತ್ತೇನೆ. ಮೊದಲು ಹಿಂಬದಿ. ಸಂಜೆ ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಹಿಂದಿನ ತಗ್ಗಿನಲ್ಲಿ ನೆರಳು ನಿಂತು ಚಿತ್ರ ಚೆನ್ನಾಗಿ ಕಾಣುತ್ತದೆ. ನನ್ನದರಲ್ಲಿ ಬಲಕ್ಕೆ ಒಂದು ಕೂದಲೆಳೆಯಂಥ ಸೀಳು ಇದೆ. ಮುಂಬದಿಯಲ್ಲಿ ಅದು ಚಿತ್ರದಲ್ಲಿರುವ ಬಟ್ಟೆಯ ಮಡಿಕೆಯೊಳಗೆ ಸೇರಿಕೊಂಡಿದೆ. ಪ್ರದರ್ಶನದಲ್ಲಿ ಅರ್ಧ ಗಂಟೆ ನೋಡಿದರೂ ಕಂಡಿರಲಿಲ್ಲ. ಮನೆಯಲ್ಲಿ ತಿರುವಿದ ಕೂಡಲೇ ಕಂಡಿತು.

ಇಷ್ಟು ತೆಳು ಇದ್ದರೂ ಅದು ಮುದುಡಿ ಹೋಗಿಲ್ಲ ಯಾಕೆ ಗೊತ್ತಾ? ಮನೆ ಮೇಲೆ ಹಾಕುವ ತಗಡಿನ ಶೀಟು ನೆನಪಿಸಿಕೊಳ್ಳಿ. ಅಲೆ ಅಲೆಯಾಗಿ ಬಗ್ಗಿಸಿದ ತಗಡು ನಮ್ಮ ಭಾರ ತಡೆಯುತ್ತದೆ, ಸಪಾಟು ತಗಡು ತಡೆಯುವುದಿಲ್ಲ. ನಾಣ್ಯದ ಉಬ್ಬು ಚಿತ್ರ, ಸುತ್ತಲಿನ ಉಬ್ಬು ಗೆರೆ ಅದೇ ಕೆಲಸ ಮಾಡುತ್ತವೆ. ಚಿತ್ರವೇ ಅದರ ಎಲುಬು. ಆದರೂ ಅಂಚು ಸೂಕ್ಷ್ಮ. ಆಗಿನ ಜನಕ್ಕೆ ಇದು ಜಾಸ್ತಿ ದಿನ ಬಾಳಬೇಕು ಅನ್ನುವ ಅಗತ್ಯವೂ ಕಡಿಮೆ ಇತ್ತು. ಅನೇಕ ಕಡೆ ಆಳುವವರು ಆಗಾಗ ಹಳೆ ನಾಣ್ಯ ವಾಪಸ್ ಪಡೆದು ಹೊಸದು ಕೊಡುತ್ತಿದ್ದರು. ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ವರ್ಷಕ್ಕೆ ಎರಡು ಸಲ ಹೀಗೆ ನಡೆಯುತ್ತಿತ್ತು. ನಾಲ್ಕು ಹಳೆಯದು ಕೊಟ್ಟರೆ ಮೂರು ಹೊಸದು. ಉಳಿದ ಒಂದು ತೆರಿಗೆ ಇದ್ದಂತೆ. ಆರು ತಿಂಗಳ ಆಯುಸ್ಸಿನ ನಾಣ್ಯ ಇವತ್ತು ನನ್ನ ಡ್ರಾಯರಿನಲ್ಲಿದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ತೆಳು ನಾಣ್ಯ ನೋಡೋಕೆ ಜರ್ಮನಿಗೆ ಹೋಗಬೇಕಾಗಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಅವರ ಚಿನ್ನದ ನಾಣ್ಯಗಳು ಅಗಲ, ತೆಳು. ಅವುಗಳಿಗೆ ಒಂದು ದೊಡ್ಡ ಅಚ್ಚು ಇರುತ್ತಿರಲಿಲ್ಲ. ಸಿಂಹಕ್ಕೆ ಒಂದು, ಕನ್ನಡದ 'ಶ್ರೀ'ಗೆ ಒಂದು, ಕಮಲಕ್ಕೆ ಒಂದು, ರಾಜನ ಬಿರುದಿಗೆ ಇನ್ನೊಂದು, ಹೀಗೆ ಸಣ್ಣ ಸಣ್ಣ ಮುದ್ರೆಗಳನ್ನು ಒಂದೊಂದಾಗಿ ಹೊಡೆಯುತ್ತಿದ್ದರು. ಒಂದನೇ ಸೋಮೇಶ್ವರನ ನಾಣ್ಯದ ಮೇಲೆ ತ್ರೈಲೋಕ್ಯಮಲ್ಲ ಅನ್ನುವ ಬಿರುದು ಇದೆ. ಕಲ್ಯಾಣವನ್ನು ರಾಜಧಾನಿ ಮಾಡಿದವನು ಅವನೇ. ಲಕ್ಕುಂಡಿ, ಸೂಡಿಗಳಲ್ಲಿ ಅವರ ಟಂಕಸಾಲೆ ಇದ್ದವು.

ಇಂಥ ಒಂದು ನಾಣ್ಯವನ್ನು ಗಾಜಿನ ಹಿಂದೆ ನೋಡಿದ್ದೇನೆ. ಅದು ಸಪಾಟಾಗಿರಲಿಲ್ಲ. ಸಣ್ಣ ಬೋಗುಣಿಯ ಹಾಗೆ ನಡುವೆ ತಗ್ಗಾಗಿ, ಅಂಚು ಮೇಲೆದ್ದಿತ್ತು. ಪಕ್ಕದಲ್ಲಿದ್ದವರು ಇದು ಬಗ್ಗಿ ಹೋಗಿದೆ ಅಂದರು. ಬಗ್ಗಿದ್ದಲ್ಲ. ಒಂದೇ ಕಡೆಯಿಂದ ಅಷ್ಟು ಪೆಟ್ಟು ತಿಂದ ತೆಳು ಚಿನ್ನ ಹಾಗೆ ಬಟ್ಟಲಾಗುತ್ತದೆ. ಹಾಳಾಗಿ ಬಗ್ಗಿದ ನಾಣ್ಯಕ್ಕೂ ಹುಟ್ಟಿನಿಂದ ಬಟ್ಟಲಾದ ನಾಣ್ಯಕ್ಕೂ ವ್ಯತ್ಯಾಸ ಇದೆ. ಬಗ್ಗಿದ್ದರಲ್ಲಿ ಒಂದು ಕಡೆ ಮಡಿಕೆಯ ಗೆರೆ ಸಿಗುತ್ತದೆ. ಬಟ್ಟಲಲ್ಲಿ ಸುತ್ತಲೂ ಒಂದೇ ಸಮ ಇಳಿಜಾರು. ಇದು ತಿಳಿಯದೆ ಯಾರೋ ತಟ್ಟಿ ನೆಟ್ಟಗೆ ಮಾಡಿದರೆ ಒಂಬೈನೂರು ವರ್ಷದ ಗುರುತು ಒಂದು ನಿಮಿಷದಲ್ಲಿ ಹೋಗುತ್ತದೆ. ದಯವಿಟ್ಟು ಮಾಡಬೇಡಿ.

ಆಮೇಲೆ ಬಂದ ಬಹಮನಿಗಳ ತಾಮ್ರದ ನಾಣ್ಯ ಪೂರ್ತಿ ಉಲ್ಟಾ. ಅಡ್ಡಳತೆ ಕಮ್ಮಿ, ದಪ್ಪ ಜಾಸ್ತಿ, ಗುಂಡುಗುಂಡು. ಅಚ್ಚು ದೊಡ್ಡದು, ಬಿಲ್ಲೆ ಸಣ್ಣದು. ಅದಕ್ಕೆ ಅಕ್ಷರ ಅರ್ಧ ಮಾತ್ರ ಬೀಳುತ್ತದೆ, ಉಳಿದದ್ದು ಬಿಲ್ಲೆಯ ಆಚೆ ಉಳಿಯುತ್ತದೆ. ಕಲಬುರಗಿ ಕೋಟೆ ಇರುವ ಊರಲ್ಲಿ ಹುಟ್ಟಿ ನಾನು ಬಹಮನಿ ನಾಣ್ಯ ಕೂಡಿಸದೆ ತೆಳು ನಾಣ್ಯದ ಹಿಂದೆ ಬಿದ್ದಿದ್ದೇನೆ ಅಂತ ಗೆಳತಿಯರು ಕೇಳುತ್ತಾರೆ. ಬಹುಶಃ ಅಜ್ಜನ ತಗಡೇ ಕಾರಣ.

ಒಂದು ಗೊಂದಲ ಬಿಡಿಸಲೇಬೇಕು. ನಮ್ಮ ಕಡೆ ವ್ಯಾಪಾರಿಗಳು 'ಲಖಿ' ಅನ್ನುವ ನಾಣ್ಯ ಇದೆಯಲ್ಲ, ಇಂಗ್ಲಿಷಿನವರು ಬ್ರಾಕೇಜ್ ಅನ್ನುವುದು, ಅದನ್ನೂ ಕೆಲವರು ಬೇಗಡೆ ನಾಣ್ಯ ಅಂದುಕೊಳ್ಳುತ್ತಾರೆ. ಅದರಲ್ಲೂ ಮುಂದೆ ಉಬ್ಬು, ಹಿಂದೆ ಅದೇ ಚಿತ್ರದ ತಗ್ಗು. ಆದರೆ ಅದು ಟಂಕಸಾಲೆಯ ತಪ್ಪು. ಹೊಡೆದ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದಾಗ, ಮುಂದಿನ ಬಿಲ್ಲೆಯ ಒಂದು ಕಡೆಗೆ ಆ ಅಂಟಿದ ನಾಣ್ಯವೇ ಅಚ್ಚಾಗುತ್ತದೆ. ಲಖಿಯ ತೂಕ, ದಪ್ಪ ಮಾಮೂಲಿ ನಾಣ್ಯದಷ್ಟೇ ಇರುತ್ತದೆ. ಬೇಗಡೆ ನಾಣ್ಯದ ಹಿಂಬದಿ ಸ್ವಲ್ಪ ಮೊಂಡು, ಮೆತ್ತಗೆ. ಲಖಿಯ ತಗ್ಗಿನಲ್ಲಿ ಅಕ್ಷರದ ಅಂಚು ಮೊನಚಾಗಿರುತ್ತದೆ, ಲೋಹಕ್ಕೆ ಲೋಹ ಒತ್ತಿದ್ದಲ್ವಾ. ತಕ್ಕಡಿ ಇದ್ದರೆ ಒಂದು ನಿಮಿಷದ ಕೆಲಸ. ಎರಡು ಅಚ್ಚಿನ ಸರಿಯಾದ ನಾಣ್ಯದಲ್ಲೂ ಮುಂದಿನ ಚಿತ್ರದ ನೆರಳು ಹಿಂದೆ ಕಾಣುವುದುಂಟು. ಮುಂದಿನ ತಲೆ ಜಾಸ್ತಿ ಉಬ್ಬಿದ್ದರೆ ಲೋಹವೆಲ್ಲ ಆ ಕಡೆ ಹರಿದು ಹಿಂದೆ ಕೊರತೆಯಾಗುತ್ತದೆ. ಐದನೇ ಜಾರ್ಜನ ಕಾಲದ ಇಂಗ್ಲೆಂಡಿನ ಪೆನ್ನಿಯಲ್ಲಿ ಇದು ದೊಡ್ಡ ತಲೆನೋವಾಗಿ, ಕೊನೆಗೆ ರಾಜನ ಚಿತ್ರವನ್ನೇ ತಿದ್ದಿದರು.

ಈಗ ಅಜ್ಜಿಯ ಸರದ ಮಾತು.

ಅಜ್ಜಿಗೆ ಒಂಬತ್ತು ಎರಡಾಣೆಗಳ ಒಂದು ಸರ ಇತ್ತು. ಬ್ರಿಟಿಷರ ಬೆಳ್ಳಿ ಎರಡಾಣೆ. ನಮ್ಮ ಊರು ಆಗ ನಿಜಾಮರ ಕೈಯಲ್ಲಿ. ಇಲ್ಲಿ ಚಾರ್‌ಮಿನಾರ್ ಇದ್ದ ಹಾಲಿ ಸಿಕ್ಕಾ ನಡೆಯುತ್ತಿತ್ತು. ಬ್ರಿಟಿಷ್ ರೂಪಾಯಿಗೆ ಕಲದಾರ ಅನ್ನುತ್ತಿದ್ದರು. ಕಲ್ ಅಂದರೆ ಯಂತ್ರ, ಯಂತ್ರದಲ್ಲಿ ಹೊಡೆದದ್ದು ಅಂತ. ಆರು ಕಲದಾರಕ್ಕೆ ಏಳು ಹಾಲಿ, ಅಜ್ಜ ಈ ಲೆಕ್ಕ ಬಾಯಲ್ಲೇ ಹಾಕುತ್ತಿದ್ದರು. ಅಜ್ಜಿಯ ತವರು ಸೊಲ್ಲಾಪುರದ ಕಡೆ. ಹಾಗಾಗಿ ಸರ ಕಲದಾರದ್ದು.

ಕಲದಾರ ರೂಪಾಯಿ 11.66 ಗ್ರಾಂ. ಎರಡಾಣೆ ಅದರ ಎಂಟನೇ ಒಂದು ಭಾಗ, ತೂಕವೂ ಸರಿಯಾಗಿ ಎಂಟನೇ ಒಂದು, 1.46 ಗ್ರಾಂ. ಲೋಹವೂ ಅದೇ. ರೂಪಾಯಿ ಒಂದೂವರೆ ಮಿಲಿಮೀಟರ್ ದಪ್ಪ ಇದ್ದರೆ ಎರಡಾಣೆ ಮುಕ್ಕಾಲು ಮಿಲಿಮೀಟರ್ ಆಸುಪಾಸು. ನನ್ನ ಸ್ಲೈಡಿಗಿಂತ ತೆಳು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ 1918ರಿಂದ ಎರಡಾಣೆಯನ್ನು ತಾಮ್ರ-ನಿಕಲ್‌ನಲ್ಲಿ ಚೌಕವಾಗಿ ಮಾಡಿದರು. ಅಜ್ಜಿಯ ಸರದಲ್ಲಿ ಇದ್ದವೆಲ್ಲ ಅದಕ್ಕೂ ಮೊದಲಿನ ಗುಂಡು ಬೆಳ್ಳಿ.

ಒಂಬತ್ತಕ್ಕೂ ಮೇಲೆ ಒಂದೊಂದು ಕುಣಿಕೆ ಬೆಸೆದಿದ್ದರು. ಆಲ್ಬಮ್ಮಿನಲ್ಲಿ ಇಡೋಣ ಅಂತ ನಾನು 1914ರ ಒಂದನ್ನು ಬಿಡಿಸಿ, ಕುಣಿಕೆ ತೆಗೆಸಲು ಊರಿನ ಒಬ್ಬ ಕುಶಲಕರ್ಮಿಗೆ ಕೊಟ್ಟೆ. ಅವರು ಗ್ಯಾಸ್ ಟಾರ್ಚ್ ಹಿಡಿದರು. ನಾನು ಎದುರಿಗೇ ನಿಂತಿದ್ದೆ. ದಪ್ಪ ರೂಪಾಯಿ ಆಗಿದ್ದರೆ ಬಿಸಿ ಒಳಗೆ ಹರಡಿ ತಡೆದುಕೊಳ್ಳುತ್ತಿತ್ತು. ತೆಳು ನಾಣ್ಯಕ್ಕೆ ಹರಡಲು ಜಾಗವೇ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಪೂರ್ತಿ ಕೆಂಪಾಯಿತು. ಕುಣಿಕೆ ಬಿತ್ತು. ಅದರ ಜೊತೆ ರಾಜನ ಕಿರೀಟದ ತುದಿ, ಅದರ ಮೇಲಿನ ಅಂಚು ಕರಗಿ ಕಂಬಳಿಹುಳದ ಬೆನ್ನಿನ ಹಾಗೆ ಉಬ್ಬಿಕೊಂಡಿತು. ಅವರು "ಏನಾಗಲ್ಲ ಬಿಡ್ರಿ, ಪಾಲಿಶ್ ಮಾಡಿದ್ರ ಹೊಂಟೋಗ್ತದ" ಅಂದರು. ನಾನು ಸುಮ್ನೆ ಕೈಯಲ್ಲಿ ಇಸಕೊಂಡು ಬಂದೆ. ಅಳು ಬಂದಿತ್ತು.

ಮನೆಗೆ ಬಂದು ತೂಗಿದೆ. 1.19 ಗ್ರಾಂ. ಕರಗಿದ ಲೋಹ ಎಲ್ಲೂ ಹೋಗಿರಲಿಲ್ಲ, ಅಂಚಿನಲ್ಲೇ ಉಬ್ಬಾಗಿ ಕೂತಿತ್ತು. ಅಂದರೆ ಕಮ್ಮಿಯಾದ 0.27 ಗ್ರಾಂ ಸವೆದು ಹೋದದ್ದು. ಸಂತೆಯಲ್ಲಿ ಕೈಯಿಂದ ಕೈಗೆ ಹೋಗಿ ಸವೆದದ್ದು ಸ್ವಲ್ಪ. ಉಳಿದದ್ದು ಅಜ್ಜಿಯ ಎದೆಯ ಮೇಲೆ, ಇಳಕಲ್ ಸೀರೆಯ ಸೆರಗಿಗೆ ತಿಕ್ಕಿ ತಿಕ್ಕಿ ಸವೆದದ್ದು.

ನೋಡುವಾಗ ಇದನ್ನೇ ಮೊದಲು ಕೇಳಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಈ ನಾಣ್ಯ ತೆಳ್ಳಗೆ ಹುಟ್ಟಿದ್ದಾ, ಸವೆದು ತೆಳ್ಳಗಾದದ್ದಾ? ತೆಳ್ಳಗೆ ಹುಟ್ಟಿದ್ದರಲ್ಲಿ ಚಿತ್ರ ಹಿಂದಕ್ಕೆ ದಾಟಿರುತ್ತದೆ, ಅಂಚು ಬ್ಲೇಡಿನ ಹಾಗೆ, ಮಾಮೂಲಿ ನಾಣ್ಯದ ಅಂಚಿನ ಸುತ್ತ ಇರುವಂಥ ಸಣ್ಣ ಗೀರು ಹಾಕಲು ಜಾಗವಿರುವುದಿಲ್ಲ. ಸವೆದದ್ದರಲ್ಲಿ ಎತ್ತರದ ಜಾಗ ಮೊದಲು ಹೋಗುತ್ತದೆ: ಕೆನ್ನೆ, ಕಿವಿ, ಗಡ್ಡ. ಅಡ್ಡಳತೆ ಹೆಚ್ಚುಕಡಿಮೆ ಹಾಗೇ ಇರುತ್ತದೆ, ತೂಕ ಇಳಿದಿರುತ್ತದೆ. ಅಡ್ಡಳತೆಯೇ ಕಮ್ಮಿ ಇದ್ದು ಉಳಿದ ಚಿತ್ರ ಚೆನ್ನಾಗಿದ್ದರೆ ಅದು ಸವೆದದ್ದಲ್ಲ, ಯಾರೋ ಸುತ್ತಲೂ ಕತ್ತರಿಸಿ ಬೆಳ್ಳಿ ಕದ್ದದ್ದು. ಕ್ಲಿಪ್ಪಿಂಗ್ ಅನ್ನುವುದು ಅದಕ್ಕೆ. ಅಂಚಿನ ಗೀರು ಹುಟ್ಟಿದ್ದೇ ಈ ಕಳ್ಳತನ ಹಿಡಿಯೋಕೆ.

ಅಂಗಡಿಯವರು ಮಾತ್ರ ಎಲ್ಲಕ್ಕೂ 'ಪತ್ಲಾ ಮಾಲು' ಅಂತ ಒಂದೇ ಹೆಸರು ಇಡುತ್ತಾರೆ. ನನಗೆ ಅದು ಒಪ್ಪುವುದಿಲ್ಲ.

ಹೋದ ವಾರ ಅಣ್ಣನ ಮಗಳು ಬಂದಿದ್ದಳು. ಏಳನೇ ಕ್ಲಾಸು. ಅವಳ ಕಾಲಕ್ಕೆ ಪೈಸೆ ಅನ್ನುವುದೇ ಇಲ್ಲ. 1965ರಿಂದ ಬಂದ ಅಲ್ಯೂಮಿನಿಯಂ ಒಂದು ಪೈಸೆ ಕೊಟ್ಟೆ. ಚೌಕಾಕಾರ, ಮುಕ್ಕಾಲು ಗ್ರಾಂ. ಸ್ಟೀಲ್ ಬಟ್ಟಲಲ್ಲಿ ನೀರು ತುಂಬಿ, ಪೈಸೆಯನ್ನು ಮೆಲ್ಲಗೆ ಮಲಗಿಸಿದರೆ ತೇಲುತ್ತದೆ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ, ಆದರೂ ತೇಲುತ್ತದೆ. ನೀರಿನ ಮೇಲ್ಮೈ ಅದರ ಭಾರಕ್ಕೆ ಸ್ವಲ್ಪ ತಗ್ಗುತ್ತದೆ, ಹರಿಯುವುದಿಲ್ಲ, ಥೇಟ್ ಅಜ್ಜನ ಅರಗಿನ ಹಾಗೆ. ಅವಳು ಉಸಿರು ಬಿಗಿ ಹಿಡಿದು ನೋಡಿದಳು. ಆಮೇಲೆ ಬೇಗಡೆ ನಾಣ್ಯವನ್ನೂ ತೇಲಿಸೋಣ ಅಂದಳು. ಅದು ಬೇಡ ಅಂದೆ. ಬೇಕಾದರೆ ಅಂಗೈ ಮೇಲೆ ಇಟ್ಟುಕೊಂಡು ನೋಡು, ಅಂಚು ಹಿಡಿದು ಎತ್ತಬೇಡ ಅಂತ ಹೇಳಿ ಕೊಟ್ಟೆ. ಮಾಮೂಲಿ ನಾಣ್ಯವನ್ನು ಅಂಚಿನಿಂದ ಹಿಡಿ ಅಂತ ಎಲ್ಲರೂ ಕಲಿಸುತ್ತಾರೆ. ಇದಕ್ಕೆ ಆ ನಿಯಮ ಉಲ್ಟಾ.

ಅವಳು ಇಸಕೊಂಡ ಕೂಡಲೇ ಅದನ್ನು ತಿರುವಿ ಹಿಂಬದಿ ನೋಡಿದಳು. ನಾನು ಹೇಳಿಕೊಟ್ಟಿರಲಿಲ್ಲ.

ಕರಗಿದ ಎರಡಾಣೆ ಆಲ್ಬಮ್ಮಿನಲ್ಲಿದೆ, ಪಾಲಿಶ್ ಮಾಡಿಸಿಲ್ಲ. ಉಳಿದ ಎಂಟು ಇನ್ನೂ ಅಜ್ಜಿಯ ದಾರದಲ್ಲೇ ಇವೆ, ಕುಣಿಕೆ ಸಮೇತ.