ಅಮ್ಮ ತೆಗೆಯಲು ಹೇಳಿದ ಪಾಸ್‌ವರ್ಡ್

ಗೌರಿ ಹಬ್ಬದ ಹಿಂದಿನ ಸಂಜೆ ಬೆಂಗಳೂರಿನಿಂದ ಸಾಗರದ ಮನೆಗೆ ತಲುಪಿ, ಕೈಕಾಲು ತೊಳೆದು ಜಗಲಿಯಲ್ಲಿ ಕೂರುವಷ್ಟರಲ್ಲೇ ಅಡುಗೆಮನೆಯಿಂದ ಅಮ್ಮನ ದನಿ ಕೇಳಿಸಿತು: "ಆ ವೈಫೈ ಪಾಸ್‌ವರ್ಡ್ ಒಂದು ತೆಗಿ ಮಾರಾಯ, ನಾಳೆ ಎಲ್ಲರೂ ಬರ್ತಾರೆ, ಬಂದವರೆಲ್ಲ ಮೊದಲು ಕೇಳೋದು ಅದನ್ನೇ." ಕನ್ನಡದಲ್ಲಿ ಬಾಗಿಲು ತೆಗೆಯುವುದೆಂದರೆ ತೆರೆಯುವುದು, ಕಲೆ ತೆಗೆಯುವುದೆಂದರೆ ಇಲ್ಲವಾಗಿಸುವುದು, ಕಪಾಟಿನಿಂದ ಸೀರೆ ತೆಗೆಯುವುದೆಂದರೆ ಹುಡುಕಿ ಹೊರಗಿಡುವುದು ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಆ ಹೊತ್ತಿಗೆ ನನಗೆ ಹೊಳೆದದ್ದು ಎರಡನೆಯ ಅರ್ಥ ಮಾತ್ರ. ಕಾಫಿ ಬರುವ ಮೊದಲೇ ಕೆಲಸ ಮುಗಿಸಿಬಿಡೋಣವೆಂದು ಜೇಬಿನಿಂದ ಫೋನ್ ಹೊರತೆಗೆದೆ.

ಫೋನಿನ ಬ್ರೌಸರಿನಲ್ಲಿ 192.168.1.1 ಎಂದು ಬರೆದರೆ ಹೆಚ್ಚಿನ ಮನೆಗಳಲ್ಲಿ ವೈಫೈ ಹಂಚುವ ಪೆಟ್ಟಿಗೆಯಾದ ರೌಟರಿನ ಒಳಪುಟ ತೆರೆದುಕೊಳ್ಳುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಮೂರನೆಯ ಸಂಖ್ಯೆ ಸೊನ್ನೆಯಾಗಿರುತ್ತದೆ. ನಮ್ಮಲ್ಲಿ ಎರಡೂ ತೆರೆಯಲಿಲ್ಲ. ಮಳೆಗೆ ಎಲ್ಲೋ ಕೇಬಲ್ ಕಡಿದು ಇಂಟರ್ನೆಟ್ ಆಗಾಗ ಬಿದ್ದು ಏಳುತ್ತಿದ್ದುದರಿಂದ, ವೈಫೈಯಲ್ಲಿ ನೆಟ್ ಇಲ್ಲವೆಂದು ಕಂಡ ಕೂಡಲೇ ನನ್ನ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರಿಕೊಳ್ಳುತ್ತಿತ್ತು, ಮತ್ತು ಗೋಡೆಯ ಮೇಲಿನ ಪೆಟ್ಟಿಗೆಯನ್ನು ಹೊರಗಿನ ಜಗತ್ತಿನಲ್ಲಿ ಹುಡುಕುತ್ತಿತ್ತು. 192.168 ಎಂದು ಆರಂಭವಾಗುವ ವಿಳಾಸಗಳು ಮನೆಯೊಳಗಿನ ಬಳಕೆಗೆಂದೇ ಮೀಸಲಾದವು. ಹೊರಗೆ ಹುಡುಕಿದರೆ ಸಿಗುವುದಿಲ್ಲ. ಇದು ಹೊಳೆಯಲು ನನಗೆ ಕಾಲು ಗಂಟೆ ಹಿಡಿಯಿತು. ಮೊಬೈಲ್ ಡೇಟಾ ಆರಿಸಿದೊಡನೆ ಪುಟ ತೆರೆದುಕೊಂಡು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೇಳಿತು.

ಅವು ಪೆಟ್ಟಿಗೆಯ ಹಿಂಬದಿಯ ಚೀಟಿಯ ಮೇಲಿರುತ್ತವೆ. ಟಿವಿಯ ಮೇಲ್ಗಡೆ ಮೊಳೆಗೆ ನೇತುಹಾಕಿದ್ದ ಪೆಟ್ಟಿಗೆಯನ್ನು ಸ್ಟೂಲು ಹತ್ತಿ ಇಳಿಸಿದಾಗ, ಅದರ ಹಿಂದಿನ ಬೆಚ್ಚಗಿನ ಜಾಗದಲ್ಲಿ ಹಲ್ಲಿಯೊಂದು ಎರಡು ಮೊಟ್ಟೆಗಳನ್ನು ಅಂಟಿಸಿಟ್ಟಿತ್ತು. ಚೀಟಿಯ ಅರ್ಧ ಭಾಗ ಮೊಟ್ಟೆಗಳ ಕೆಳಗಿತ್ತು. ಉಳಿದರ್ಧ ಓದಿ, ಮರೆಯಾದದ್ದನ್ನು ಊಹಿಸಿ ಒಳಗೆ ಹೋದೆ. ಕಾರ್ಖಾನೆಯಿಂದ ಬಂದಾಗಿನ ಹೆಸರು, ಅದೇ ಪಾಸ್‌ವರ್ಡ್. ಮೂರು ವರ್ಷಗಳಲ್ಲಿ ಯಾರೂ ಬದಲಿಸಿರಲಿಲ್ಲ. ನಿಸ್ತಂತು (ವೈರ್‌ಲೆಸ್) ಪುಟದಲ್ಲಿ ವೈಫೈ ಭದ್ರತೆ ಎಂಬಲ್ಲಿ ಡಬ್ಲ್ಯುಪಿಎ2 (ಪಾಸ್‌ವರ್ಡ್ ಕೇಳುವ ಬೀಗದ ಒಂದು ಬಗೆ) ಎಂದಿದ್ದುದನ್ನು 'ಓಪನ್' ಎಂದು ಬದಲಿಸಿ 'ಅಪ್ಲೈ' ಒತ್ತಿದೆ. ಪಾಸ್‌ವರ್ಡಿನ ಖಾನೆಯೇ ಪುಟದಿಂದ ಮಾಯವಾಯಿತು.

ಒಂದೇ ನಿಮಿಷದಲ್ಲಿ ಮನೆಯೊಳಗೆ ಮೂರು ಕಡೆಯಿಂದ ದೂರು ಬಂತು. ಟಿವಿಯಲ್ಲಿ ಓಡುತ್ತಿದ್ದ ಭಜನೆ ನಿಂತಿತು, ತಂಗಿಯ ವಿಡಿಯೊ ಕರೆ ಕಡಿಯಿತು, ಅಮ್ಮನ ಫೋನಿನಲ್ಲಿ ವೈಫೈ ಗುರುತೇ ಹೋಯಿತು. ಪಾಸ್‌ವರ್ಡ್ ತೆಗೆದರೆ ಎಲ್ಲವೂ ತಾನಾಗಿ ಒಳಗೆ ಬರುತ್ತದೆ ಎಂದುಕೊಂಡಿದ್ದೆ. ಆದರೆ ಫೋನುಗಳು ನೆನಪಿಟ್ಟುಕೊಂಡಿರುವುದು ಹೆಸರನ್ನಷ್ಟೇ ಅಲ್ಲ, ಬೀಗದ ಬಗೆಯನ್ನೂ. ಅದೇ ಹೆಸರಿನ ಜಾಲ ಬೀಗವಿಲ್ಲದೆ ಎದುರಾದಾಗ ಅವು ಅದನ್ನು ಅಪರಿಚಿತ ಜಾಲವೆಂದೇ ಎಣಿಸುತ್ತವೆ. ಹಾಗೆ ಎಣಿಸುವುದೇ ಸರಿ, ಇಲ್ಲವಾದರೆ ಯಾರು ಬೇಕಾದರೂ ನಮ್ಮ ಮನೆಯ ಹೆಸರಿಟ್ಟು ನಮ್ಮ ಫೋನುಗಳನ್ನು ತಮ್ಮತ್ತ ಕರೆದುಕೊಳ್ಳಬಹುದಿತ್ತು.

ಕಾಫಿ ಲೋಟ ಹಿಡಿದು ಬಂದ ಅಮ್ಮ ವಿಷಯ ತಿಳಿದು ತಲೆಗೆ ಕೈ ಹಚ್ಚಿದರು. "ನಾನು ತೆಗೆದುಹಾಕು ಅಂದ್ನಾ? ತೆಗೆದು ಕೊಡು ಅಂದದ್ದು. ಅದು ಏನು ಅಂತ ಯಾರಿಗೂ ಗೊತ್ತಿಲ್ಲ, ಒಂದು ಚೀಟಿಯಲ್ಲಿ ಬರೆದುಕೊಡಲಿ ಅಂತ." ಆಗ ಅವರ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿಗೆ ಹೋಗಿ, ಉಳಿಸಿಟ್ಟ ಜಾಲಗಳ ಪಟ್ಟಿಯಿಂದ ಹಳೆಯ ಹೆಸರನ್ನು ಆರಿಸಿ, 'ಶೇರ್' ಒತ್ತಿ, ಅಮ್ಮನ ಬೆರಳಚ್ಚು ಒತ್ತಿಸಿದೆ. ಕ್ಯೂಆರ್ ಚಿತ್ರವೂ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಪಾಸ್‌ವರ್ಡೂ ಮೂಡಿದವು. ಹತ್ತು ಅಂಕಿಗಳು. ಅಮ್ಮ ಕನ್ನಡಕ ಏರಿಸಿ ಓದಿ, "ಇದು ನನ್ನ ನಂಬರೇ ಅಲ್ವೇನೋ!" ಎಂದರು. ಪೆಟ್ಟಿಗೆ ಜೋಡಿಸಲು ಬಂದ ಹುಡುಗ, ಮನೆಯವರು ಮರೆಯಬಾರದೆಂದು ಗ್ರಾಹಕರ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿ ಹೋಗಿದ್ದ. ಅಮ್ಮನ ಸಂಖ್ಯೆ ಹಾಲಿನ ಡೈರಿಯಿಂದ ಭಜನಾ ಮಂಡಳಿಯವರೆಗೆ ಎಲ್ಲರ ಬಳಿಯೂ ಇದೆ. ಗೊತ್ತಿಲ್ಲದಿದ್ದದ್ದು ಮನೆಯವರಿಗೆ ಮಾತ್ರ.

ಅಲ್ಲಿಗೇ ಸರಿಪಡಿಸಬೇಕಿತ್ತು. ಹಳೆಯ ಹೆಸರು, ಹಳೆಯ ಪಾಸ್‌ವರ್ಡ್, ಹಳೆಯ ಬಗೆಯ ಬೀಗ ಮೂರನ್ನೂ ಮೊದಲಿದ್ದಂತೆಯೇ ಇಟ್ಟಿದ್ದರೆ ಎಲ್ಲ ಉಪಕರಣಗಳೂ ಏನೂ ಆಗದವರಂತೆ ಮರಳಿ ಬರುತ್ತಿದ್ದವು. ಆದರೆ ಭಾವ, "ಹೇಗೂ ಹಬ್ಬ, ಎರಡು ದಿನ ಹೀಗೇ ಇರಲಿ ಬಿಡು, ಬಂದವರಿಗೂ ಸುಲಭ" ಎಂದರು. ನನಗೂ ಸ್ಟೂಲು ಹತ್ತಿ ಇಳಿದು ಸಾಕಾಗಿತ್ತು.

ಎರಡು ದಿನ ನಿಜಕ್ಕೂ ಸುಖವಾಗಿತ್ತು. ಮೂರನೆಯ ದಿನ ಗಣಪತಿ ಬಿಡುವ ಹೊತ್ತಿಗೆ ಒಂದು ಫೋಟೊ ಕಳುಹಿಸಲು ಐದು ನಿಮಿಷ ಬೇಕಾಯಿತು. ರೌಟರಿನ ಪುಟದಲ್ಲಿ ಸಂಪರ್ಕದಲ್ಲಿರುವ ಉಪಕರಣಗಳ ಪಟ್ಟಿ ತೆರೆದರೆ 19 ಹೆಸರುಗಳಿದ್ದವು. ಮನೆಮಂದಿ, ನೆಂಟರು, ಟಿವಿ, ಮಾಳಿಗೆಯ ಬಾಡಿಗೆಯವರು ಎಲ್ಲ ಸೇರಿ ನಾನು ಲೆಕ್ಕ ಹಾಕಿದ್ದು 12. ಉಳಿದ ಏಳನ್ನು ಒಂದೊಂದಾಗಿ ತಡೆಪಟ್ಟಿಗೆ ಸೇರಿಸಿದೆ. ಹತ್ತು ನಿಮಿಷದಲ್ಲಿ ಅವುಗಳಲ್ಲಿ ಎರಡು ಬೇರೆ ಯಂತ್ರವಿಳಾಸ (ರೌಟರ್ ಪ್ರತಿ ಉಪಕರಣವನ್ನು ಗುರುತಿಸುವ ಸಂಖ್ಯೆ) ಧರಿಸಿ ಮರಳಿ ಬಂದವು. ಆಂಡ್ರಾಯ್ಡ್ 10ರಿಂದೀಚಿನ ಫೋನುಗಳು, 2020ರ ಐಒಎಸ್ 14ರಿಂದೀಚಿನ ಐಫೋನುಗಳು ತಮ್ಮ ನಿಜವಾದ ಯಂತ್ರವಿಳಾಸದ ಬದಲು ಕೃತಕ ವಿಳಾಸವನ್ನು ಮುಂದೊಡ್ಡಬಲ್ಲವು. ಗುಂಡಿಯೊಂದನ್ನು ಆಚೀಚೆ ಮಾಡಿದರೆ ತಡೆದವನಿಗೆ ಅದು ಹೊಸಬನಂತೆಯೇ ಕಾಣುತ್ತದೆ. ಬಾಗಿಲು ತೆರೆದಿಟ್ಟುಕೊಂಡು ಮುಖ ನೋಡಿ ಅಟ್ಟುವ ಕೆಲಸ ನಡೆಯುವಂಥದ್ದಲ್ಲ.

ಗೇಟಿನ ಹೊರಗೆ ಬಂದು ನೋಡಿದೆ. ಎದುರಿನ ಬಸ್ ತಂಗುದಾಣದಲ್ಲಿ ಪಿಯುಸಿ ಓದುವ ವಯಸ್ಸಿನ ನಾಲ್ವರು ಹುಡುಗರು ಒಂದೇ ಕಲ್ಲುಬೆಂಚಿನ ಮೇಲೆ, ಮಳೆಯ ಇರಚಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ನಾಲ್ಕು ಮುಖಗಳ ಮೇಲೂ ನೀಲಿ ಬೆಳಕು. ನನ್ನನ್ನು ಕಂಡು ವಿನಯದಿಂದ ಎದ್ದು ನಿಂತ ಒಬ್ಬ, "ಅಣ್ಣಾ, ನಿನ್ನೆ ಚೆನ್ನಾಗಿತ್ತು, ಇವತ್ತು ಯಾಕೋ ಸ್ಲೋ ಇದೆ" ಎಂದ. ಬೈಯಲು ಹೋದವನಿಗೆ ಬಾಯಿ ಬರಲಿಲ್ಲ. ಕೇಬಲ್ಲಿನವರಿಗೆ ಹೇಳುತ್ತೇನೆ ಎಂದುಬಿಟ್ಟು ಒಳಗೆ ಬಂದೆ.

ಆ ಹುಡುಗರು ನೋಡುತ್ತಿದ್ದುದು ಕ್ರಿಕೆಟ್ ಇರಬಹುದು, ಅದರ ಬಗ್ಗೆ ನನಗೆ ಸಿಟ್ಟಿರಲಿಲ್ಲ. ಆದರೆ 2008ರ ಜುಲೈ ತಿಂಗಳಿನ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಹೊರಟ ಬೆದರಿಕೆಯ ಇಮೇಲಿನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ನನ ಮನೆಗೆ, ಆತನ ಬೀಗವಿಲ್ಲದ ವೈಫೈಗೆ. ಬೇರೆ ಯಾರೋ ಅದನ್ನು ಬಳಸಿದ್ದರು. ಆದರೆ ಮೊದಲು ಉತ್ತರ ಹೇಳಬೇಕಾಗಿ ಬಂದದ್ದು ಮನೆಯವರು. ಮರುವರ್ಷ ಕೇಂದ್ರದ ದೂರಸಂಪರ್ಕ ಇಲಾಖೆ, ಗ್ರಾಹಕರ ವೈಫೈಗೆ ಭದ್ರತೆ ಇರಬೇಕೆಂದು ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು. ನಮ್ಮ ಸಂಪರ್ಕ ಅಮ್ಮನ ಹೆಸರಿನಲ್ಲಿದೆ. ಎಪ್ಪತ್ತು ದಾಟಿದ ಹೆಂಗಸು ಹಾಗೊಂದು ವಿಚಾರಣೆಯ ಮುಂದೆ ಕೂರುವ ಚಿತ್ರ ಕಣ್ಣಮುಂದೆ ಬಂತು. ಅದಕ್ಕಿಂತ ಹತ್ತಿರದ ಅಪಾಯವೂ ಆಗಲೇ ಹೊಳೆಯಿತು: ಬೆಂಚಿನ ಮೇಲೆ ಕುಳಿತು ಒಳಬಂದವನು 192.168.1.1 ಎಂದು ಬರೆದರೆ ಅವನಿಗೂ ಅದೇ ಪುಟ ತೆರೆಯುತ್ತದೆ, ಮತ್ತು ಅದರ ಕೀಲಿ ಕಾರ್ಖಾನೆಯ ಹಳೆಯ ಹೆಸರೇ. ವೈಫೈ ಪಾಸ್‌ವರ್ಡ್ ಬೇರೆ, ರೌಟರಿನ ಪಾಸ್‌ವರ್ಡ್ ಬೇರೆ. ಮೊದಲನೆಯದನ್ನು ತೆಗೆದಿದ್ದೆ, ಎರಡನೆಯದು ಇದ್ದೂ ಇಲ್ಲದಂತಿತ್ತು. ಒಳಪುಟ ಹೊಕ್ಕವನು ಮನೆಯವರನ್ನೇ ಹೊರಗಿಟ್ಟು ಬೀಗ ಹಾಕಿಕೊಳ್ಳಬಹುದಿತ್ತು.

ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಎಲ್ಲವನ್ನೂ ಮೊದಲಿನಿಂದ ಆರಂಭಿಸು ಎಂಬುದು ಭಾವನ ಸಲಹೆ. ಅದನ್ನು ಮಾತ್ರ ನಾನು ಒಪ್ಪಲಿಲ್ಲ. ಬೆಂಗಳೂರಿನ ಬಾಡಿಗೆಮನೆಯಲ್ಲಿ ಒಮ್ಮೆ ಹಾಗೆ ಮಾಡಿ, ಕಂಪನಿಯವರು ತುಂಬಿಸಿಟ್ಟಿದ್ದ ಲಾಗಿನ್ ವಿವರಗಳೂ ಅಳಿಸಿಹೋಗಿ, ಅವರ ಕಡೆಯ ಹುಡುಗ ಬರುವವರೆಗೆ ಎರಡು ದಿನ ನೆಟ್ ಇಲ್ಲದೆ ಕುಳಿತವನು ನಾನು. ಮೊದಲು ರೌಟರಿನ ಒಳಪಾಸ್‌ವರ್ಡ್ ಬದಲಿಸಿದೆ. ಗುಂಡಿ ಒತ್ತಿ ಅಥವಾ ಎಂಟು ಅಂಕಿಯ ಪಿನ್ ಕೊಟ್ಟು ಪಾಸ್‌ವರ್ಡ್ ಇಲ್ಲದೆಯೇ ಒಳಬರಲು ಬಿಡುವ ಡಬ್ಲ್ಯುಪಿಎಸ್ ಸೌಲಭ್ಯವನ್ನು ಆರಿಸಿದೆ. ಆ ಪಿನ್ನನ್ನು ಎರಡು ತುಂಡಾಗಿ ಪರೀಕ್ಷಿಸುವ ದೋಷದಿಂದ ಕೇವಲ 11,000 ಪ್ರಯತ್ನಗಳಲ್ಲಿ ಅದನ್ನು ಕಂಡುಹಿಡಿಯಬಹುದೆಂಬುದು 2011ರಲ್ಲೇ ಬಯಲಾಗಿತ್ತು.

ಆಮೇಲೆ ಹೆಸರಿನ ಸರದಿ. ಕಂಪನಿಯ ಹೆಸರೂ ಅಂಕಿಗಳೂ ಕೂಡಿದ ಹಳೆಯ ಹೆಸರಿನ ಬದಲು ಕನ್ನಡದಲ್ಲೇ 'ಶ್ರೀನಿವಾಸ ನಿಲಯ' ಎಂದು ಬರೆದೆ, ಅದು ನಮ್ಮ ಮನೆಯ ಗೋಡೆಯ ಮೇಲಿರುವ ಹೆಸರು. ಪುಟ ಒಪ್ಪಲಿಲ್ಲ. ವೈಫೈ ಹೆಸರಿಗಿರುವ ಜಾಗ 32 ಬೈಟುಗಳು; ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕಾದರೆ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು, ಒತ್ತಕ್ಷರದ ನಡುವೆ ಕಾಣದೆ ಕೂರುವ ಹಲಂತ ಚಿಹ್ನೆಗೂ ಮೂರು. ಬೆರಳು ಮಡಿಚಿ ಎಣಿಸಿದರೆ 40 ಆಯಿತು. 'ಅಮ್ಮನ ಮನೆ' ಎಂದರೆ 25. ಅದು ಹಿಡಿಸಿತು, ಪೆಟ್ಟಿಗೆಯೂ ತಕರಾರಿಲ್ಲದೆ ಒಪ್ಪಿತು. ಫೋನುಗಳ ಪಟ್ಟಿಯಲ್ಲಿ, ಸುತ್ತಲಿನ ಇಂಗ್ಲಿಷ್ ಹೆಸರುಗಳ ನಡುವೆ, ದುಂಡಗೆ ಕನ್ನಡದಲ್ಲಿ ಕಾಣಿಸಿದಾಗ ಅಮ್ಮನಿಗಾದ ಖುಷಿಗೆ ಮೂರು ದಿನದ ತಾಪತ್ರಯವೆಲ್ಲ ಸಂದಿತೆನಿಸಿತು.

ಪಾಸ್‌ವರ್ಡಿಗೆ ಕನ್ನಡ ನಡೆಯುವುದಿಲ್ಲ. ಎಂಟರಿಂದ 63ರವರೆಗಿನ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳೇ ಬೇಕು. ಅಮ್ಮ ಸೂಚಿಸಿದ್ದು ಹಲಸಿನ ಹಪ್ಪಳದ ಹೆಸರು (ಕೊನೆಗೆ ಇಟ್ಟದ್ದು ಅದನ್ನಲ್ಲ, ಆದ್ದರಿಂದಲೇ ಧೈರ್ಯವಾಗಿ ಬರೆಯುತ್ತಿದ್ದೇನೆ). ಉದ್ದದ ಪಾಸ್‌ವರ್ಡ್ ಒಳ್ಳೆಯದೇ, ಆದರೆ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಪಿ ಎರಡೋ ಒಂದೋ, ಎಲ್ ಆದ ಮೇಲೆ ಎ ಬೇಕೋ ಬೇಡವೋ ಎಂದು ತಂಗಿಗೂ ನನಗೂ ವಾದವೇ ನಡೆಯಿತು. ಕೊನೆಗೆ ಬಾಯಲ್ಲಿ ಹೇಳುವ ಪದ್ಧತಿಯನ್ನೇ ಬಿಟ್ಟು, ಎಲ್ಲರಿಗೂ ಕ್ಯೂಆರ್ ಚಿತ್ರ ಎಂದು ತೀರ್ಮಾನವಾಯಿತು.

ಒಂದೊಂದು ಉಪಕರಣವನ್ನೂ ಮರಳಿ ಸೇರಿಸುವಷ್ಟರಲ್ಲಿ ರಾತ್ರಿಯಾಯಿತು. ಹೊಸ ಬಗೆಯ ಬೀಗವೆಂದು ಡಬ್ಲ್ಯುಪಿಎ3 ಮಾತ್ರ ಇಟ್ಟರೆ ಹಳೆಯ ಟಿವಿ ಬಾಗಿಲಲ್ಲೇ ನಿಂತಿತು; ಎರಡೂ ಬಗೆ ಬೆರೆತ ಆಯ್ಕೆ ಕೊಟ್ಟ ಮೇಲೆ, ರಿಮೋಟಿನ ಬಾಣಗಳಿಂದ ಅಕ್ಷರಕ್ಕೊಂದು ಯಾತ್ರೆ ಮಾಡಿ ಒಳಸೇರಿಸಿದೆ. ಎಲ್ಲಕ್ಕಿಂತ ಕಾಡಿದ್ದು ಕೊಟ್ಟಿಗೆಯ ಕ್ಯಾಮೆರಾ. ಅದಕ್ಕೆ 2.4 ಗಿಗಾಹರ್ಟ್ಸ್ ತರಂಗ ಮಾತ್ರ ತಿಳಿಯುತ್ತದೆ, 5 ಗಿಗಾಹರ್ಟ್ಸ್ ಅದರ ಪಾಲಿಗೆ ಇಲ್ಲವೇ ಇಲ್ಲ. ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಒಡೆದು, ಫೋನ್ ಪರದೆಯ ಮೇಲೆ ಕ್ಯೂಆರ್ ಮೂಡಿಸಿ, ಒಂದು ಕೈಯಲ್ಲಿ ಕೊಡೆ ಹಿಡಿದು ಕ್ಯಾಮೆರಾದ ಕಣ್ಣಿಗೆ ಒಂದು ಗೇಣು ದೂರದಲ್ಲಿ ಫೋನ್ ಹಿಡಿದು ನಿಂತೆ. ಹಿಂದಿನಿಂದ ಬಂದ ಕರು ಮೊಣಕೈ ನೆಕ್ಕಿತು, ಕೈ ಅಲುಗಿತು, ಕ್ಯಾಮೆರಾ ಇಂಗ್ಲಿಷಿನಲ್ಲಿ 'ದಯವಿಟ್ಟು ಮತ್ತೆ ಪ್ರಯತ್ನಿಸಿ' ಎಂದಿತು. ನಾಲ್ಕನೆಯ ಸಲ ಟಿಣ್ ಎಂದು ಒಪ್ಪಿಕೊಂಡಾಗ ಕೊಟ್ಟಿಗೆಯಲ್ಲಿ ನನ್ನನ್ನು ಅಭಿನಂದಿಸಲು ಆ ಕರು ಒಂದೇ ಇತ್ತು.

ನೆಂಟರಿಗೆಂದು ರೌಟರಿನಲ್ಲೇ ಬೇರೆಯ ಅತಿಥಿ ಜಾಲವೊಂದನ್ನು ತೆರೆದೆ. ಅದಕ್ಕೆ ಬಂದವರಿಗೆ ಇಂಟರ್ನೆಟ್ ಸಿಗುತ್ತದೆ, ಆದರೆ ಟಿವಿಯಾಗಲಿ ಕ್ಯಾಮೆರಾವಾಗಲಿ ಒಳಪುಟವಾಗಲಿ ಎಟುಕುವುದಿಲ್ಲ. ಅದರ ಕ್ಯೂಆರ್ ಚಿತ್ರವನ್ನು ಪೇಟೆಯಲ್ಲಿ ಮುದ್ರಿಸಿ ತಂದಾಗ ಅಮ್ಮ ಅದನ್ನು ಜಗಲಿಯ ಗೋಡೆಗೆ ಅಂಟಿಸಲು ಹೊರಟರು. ಆ ಚೌಕದೊಳಗೆ ಪಾಸ್‌ವರ್ಡ್ ಗುಟ್ಟಾಗಿಯೇನೂ ಇರುವುದಿಲ್ಲ, ಗೇಟಿನಿಂದ ಒಂದು ಫೋಟೊ ತೆಗೆದುಕೊಂಡರೂ ಹೆಸರು, ಪಾಸ್‌ವರ್ಡ್ ಎರಡೂ ಹಾಗೆಯೇ ಓದಲು ಸಿಗುತ್ತವೆ ಎಂದು ಹೇಳಿದ ಮೇಲೆ, ನಡುಮನೆಯ ಪಂಚಾಂಗದ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿದರು.

ಹದಿನೈದು ದಿನಗಳ ನಂತರ ಫೋನ್ ಮಾಡಿದಾಗ ಅಮ್ಮ ಹೇಳಿದರು, ತಂಗುದಾಣದ ಹುಡುಗರಲ್ಲಿ ಒಬ್ಬ ಮನೆಗೇ ಬಂದು, ಪರೀಕ್ಷೆಯ ಅರ್ಜಿ ತುಂಬಬೇಕು, ಒಂದು ಗಂಟೆ ವೈಫೈ ಕೊಡಿ ಅಜ್ಜಿ ಎಂದು ಕೇಳಿದನಂತೆ. ನೀನೇನು ಮಾಡಿದೆ ಎಂದೆ. "ಒಳಗೆ ಕರೆದು ಕೂರಿಸಿ ಕ್ಯಾಲೆಂಡರ್ ತಿರುಗಿಸಿ ತೋರಿಸಿದೆ. ಹೋಗುವಾಗ ನಾನೇ ಅವನ ಫೋನ್ ಇಸಕೊಂಡು 'ಫರ್ಗೆಟ್' ಒತ್ತಿದೆ, ನೀನು ಹೇಳಿಕೊಟ್ಟಿದ್ದೆಯಲ್ಲ. ತೆಗೆಯೋದು ಅಂದ್ರೆ ಹಾಗೆ."